ಏನಿಲ್ಲ ಬಿಡ್ರಿ

ಮೂರು ವರ್ಷದ ಹಿಂದಿನ ಒಂದು ರವಿವಾರದ ಮಧ್ಯಾಹ್ನ. ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಟೀವಿಯಲ್ಲಿ ಕ್ರಿಕೆಟ್, ತಲೆಯ ಮೇಲೆ ಫ್ಯಾನು, ಒಳಗೆ ಕುಕ್ಕರಿನ ಸೀಟಿ. ಮುಂಬೈಯಿಂದ ತಮ್ಮ, ಅವನ ಹೆಂಡತಿ, ಮಕ್ಕಳು ಬಂದಿದ್ದರು. ಧಾರವಾಡದ ಮನೆ ಮಾರುವ ಮಾತು ಬಂತು. ಅಮ್ಮ ತೀರಿಕೊಂಡ ಮೇಲೆ ಅಪ್ಪ ನಮ್ಮಲ್ಲಿಗೆ ಬಂದುಬಿಟ್ಟಿದ್ದರು, ಆ ಮನೆ ಬೀಗ ಹಾಕಿಕೊಂಡು ಬಿದ್ದಿತ್ತು. ತಮ್ಮ ರೇಟು ಹೇಳಿದ, ಕೊಳ್ಳುವವರು ಯಾರೆಂದು ಹೇಳಿದ, ಹಿತ್ತಲ ಮಾವಿನ ಗಿಡದ ವಿಷಯವೂ ಬಂದು ಹೋಯಿತು. ನಾನು ಅಪ್ಪನ ಕಡೆ ತಿರುಗಿ, “ಹಂಗ ಮಾಡೂಣಲ್ಲ ಅಪ್ಪಾ?” ಎಂದೆ. ಅಪ್ಪ ತಟ್ಟೆಯಿಂದ ತಲೆ ಎತ್ತಿ, ಸಣ್ಣಗೆ ನಕ್ಕು, “ಹೂಂ” ಎಂದರು.

ಮೂರು ವಾರ ಕಳೆದು ತಮ್ಮ ಕಾಗದಪತ್ರ ತಂದು ಮುಂದಿಟ್ಟ. ಅಪ್ಪ ಅದನ್ನೇ ಬಹಳ ಹೊತ್ತು ನೋಡಿದರು. “ಮನಿ ಮಾರೂದು ಯಾವಾಗ ಠರಾವ್ ಆತು? ನನಗ ಯಾರೂ ಕೇಳೇ ಇಲ್ಲಲ್ಲ.” ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ವಯಸ್ಸಾದವರಿರುವ ಮನೆಗಳಲ್ಲಿ ಆ ನೋಟದ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪನಿಗೆ ಮರೆವು ಶುರುವಾಯಿತು ಎಂದು ಅಲ್ಲೇ ತೀರ್ಮಾನ ಮಾಡಿದೆವು.

ವೈದ್ಯರ ಹತ್ತಿರ ಕರೆದುಕೊಂಡು ಹೋದಾಗ ಆಕೆ ಮೊದಲು ಕೇಳಿದ್ದು ಮರೆವಿನ ಬಗ್ಗೆ ಅಲ್ಲ. “ಕಿವಿ ತೋರಿಸಿದ್ದೀರಾ?” ಎಂದರು. ತೋರಿಸಿರಲಿಲ್ಲ. ಅಪ್ಪನಿಗೆ ಬಾಗಿಲ ಗಂಟೆ ಕೇಳಿಸುತ್ತಿತ್ತು, ಕೆಳಗೆ ತರಕಾರಿಯವನು ಕೂಗಿದರೆ ನಮಗಿಂತ ಮೊದಲು ಅವರಿಗೇ ಗೊತ್ತಾಗುತ್ತಿತ್ತು. ಆದರೆ ಪರೀಕ್ಷೆಯ ಕಾಗದದ ಮೇಲಿನ ಗೆರೆ ಎಡಭಾಗದಲ್ಲಿ ಸುಮಾರಾಗಿ ಸಮವಾಗಿದ್ದು ಬಲಕ್ಕೆ ಬರುತ್ತ ಗುಡ್ಡದಂತೆ ಇಳಿದಿತ್ತು. ನೆನಪಿನ ಪರೀಕ್ಷೆಯನ್ನು ಸದ್ದಿಲ್ಲದ ಕೋಣೆಯಲ್ಲಿ, ಎದುರು ಕೂತು, ಕನ್ನಡದಲ್ಲಿ ಮಾಡಿದಾಗ ಅವರ ವಯಸ್ಸಿಗೆ ತಕ್ಕಂತೆ ಎಲ್ಲ ಸರಿಯಾಗಿಯೇ ಇತ್ತು.

ಅಂದರೆ ನಾವು ಅವರ ಒಪ್ಪಿಗೆ ಕೇಳಿರಲೇ ಇಲ್ಲ. ಕೇಳಿದೆವು ಎಂದುಕೊಂಡಿದ್ದೆವು ಅಷ್ಟೇ. ಅವರು ಒಪ್ಪಿರಲೂ ಇಲ್ಲ, ಅವರ ಬಾಯಿಂದ ಒಂದು ಸದ್ದು ಬಂದಿತ್ತು ಅಷ್ಟೇ. ತಪ್ಪು ಯಾರದು? ಅರ್ಥವಾಗದೆ ಹೂಂ ಅಂದವರದೋ, ಅರ್ಥವಾಯಿತೇ ಎಂದು ನೋಡದೆ ಹೂಂ ಇಸಿದುಕೊಂಡವರದೋ? ಒಂದು ಮಾತು ಅರ್ಥವಾಗಲು ಬೇಕಾದ ಶ್ರಮವನ್ನು ಯಾರು ಪಡಬೇಕು? ಈ ಪ್ರಶ್ನೆ ಆಗಿನಿಂದ ನನ್ನನ್ನು ಬಿಟ್ಟಿಲ್ಲ.

ಆ ಶ್ರಮ ಎಂಥದು ಎಂದು ಮೊದಲು ನೋಡಬೇಕು. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ಕೊಳವೆ ಇದೆ. ಅದರಲ್ಲಿ ಸುಮಾರು 15,000 ರೋಮಕೋಶಗಳು ಸದ್ದನ್ನು ನರದ ಸಂಕೇತವಾಗಿ ಬದಲಿಸುತ್ತವೆ. ಕೊಳವೆಯ ಬಾಯಿಯ ಹತ್ತಿರದ ಕೋಶಗಳು ಕೀಚಲು ದನಿಗೆ, ಒಳತುದಿಯವು ಗಡಸು ದನಿಗೆ. ವಯಸ್ಸಾದಂತೆ ಮೊದಲು ಸವೆಯುವುದು ಬಾಯಿಯ ಹತ್ತಿರದವು, ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಮಾತಿನ ಮಟ್ಟಿಗೆ ಇದರ ಪರಿಣಾಮ ವಿಚಿತ್ರ. ಆ, ಓ, ಊ ಮುಂತಾದ ಸ್ವರಗಳ ಶಕ್ತಿ ಹೆಚ್ಚಾಗಿ ಕೆಳಗಿನ ಕಂಪನಗಳಲ್ಲಿದೆ, ಅವು ಉಳಿಯುತ್ತವೆ. ಸ, ಶ, ಚ, ತ, ಕ ಮುಂತಾದ ವ್ಯಂಜನಗಳನ್ನು ಒಂದರಿಂದ ಒಂದನ್ನು ಬೇರೆ ಮಾಡುವ ಸುಳಿವುಗಳು ಬಹುಪಾಲು 2,000 ಹರ್ಟ್ಸಿಗಿಂತ ಮೇಲಿವೆ, ಅವು ಮಸುಕಾಗುತ್ತವೆ. ಸ್ವರ ಮಾತಿಗೆ ಗಟ್ಟಿತನ ಕೊಡುತ್ತದೆ, ವ್ಯಂಜನ ಅರ್ಥ ಕೊಡುತ್ತದೆ. ಹಾಗಾಗಿ ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. “ನೀವೆಲ್ಲ ಬಾಯಾಗ ಏನರ ಇಟ್ಟುಕೊಂಡು ಮಾತಾಡತೀರಿ” ಎಂದು ಅಪ್ಪ ಗೊಣಗುತ್ತಿದ್ದುದು ಕೊಂಕು ಎಂದು ನಾವು ತಿಳಿದಿದ್ದೆವು. ಅದು ಒಂದು ನಿಖರವಾದ ವರದಿಯಾಗಿತ್ತು.

ಕಿವಿ ಕಳೆದುಕೊಂಡದ್ದನ್ನು ಮಿದುಳು ತುಂಬಬೇಕು. ಅಮೆರಿಕದಲ್ಲಿ ಪ್ಯಾಟ್ರಿಕ್ ವಾಂಗ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಳೆಯರಿಗೂ ಹಿರಿಯರಿಗೂ ಗದ್ದಲದ ನಡುವೆ ಪದಗಳನ್ನು ಕೇಳಿಸಿ ಮಿದುಳಿನ ಚಟುವಟಿಕೆ ನೋಡಿದರು. ಹಿರಿಯರಲ್ಲಿ ಕೇಳುವ ಕೆಲಸಕ್ಕೇ ಮೀಸಲಾದ ಭಾಗದ ಚಟುವಟಿಕೆ ಕಡಿಮೆ ಇತ್ತು. ಅದರ ಬದಲು ಹಣೆಯ ಹಿಂದಿನ, ಗಮನಕ್ಕೂ ತತ್ಕಾಲದ ನೆನಪಿಗೂ ಸಂಬಂಧಿಸಿದ ಭಾಗಗಳು ಹೆಚ್ಚು ದುಡಿಯುತ್ತಿದ್ದವು. ಆ ಭಾಗಗಳು ಹೆಚ್ಚು ದುಡಿದವರೇ ಪದಗಳನ್ನು ಹೆಚ್ಚು ಸರಿಯಾಗಿ ಗುರುತಿಸಿದ್ದರು. ನಮಗೆ ಪುಕ್ಕಟೆ ಸಿಗುವ ಅರ್ಥಕ್ಕೆ ಅವರು ಬೆಲೆ ತೆರುತ್ತಿದ್ದರು.

ಆ ಬೆಲೆ ಎಲ್ಲಿಂದ ಬರುತ್ತದೆ? 2005ರ ಇನ್ನೊಂದು ಪ್ರಯೋಗ ಆರ್ಥರ್ ವಿಂಗ್‌ಫೀಲ್ಡ್ ಎಂಬ ಮನೋವಿಜ್ಞಾನಿಯ ಗುಂಪಿನದು. ಒಳ್ಳೆಯ ಕಿವಿಯ ಹಿರಿಯರು ಒಂದು ಕಡೆ, ಸ್ವಲ್ಪ ಮಂದವಾದ ಕಿವಿಯ ಹಿರಿಯರು ಇನ್ನೊಂದು ಕಡೆ. ಪದಗಳ ಪಟ್ಟಿಯನ್ನು ಕೇಳಿಸುತ್ತ ಎಲ್ಲೋ ಒಂದು ಕಡೆ ನಿಲ್ಲಿಸಿ, ಕೊನೆಯ ಮೂರು ಪದ ಹೇಳಿ ಎಂದರು. ತೀರ ಕೊನೆಯ ಪದವನ್ನು ಎರಡೂ ಗುಂಪಿನವರು ಬಹುತೇಕ ತಪ್ಪಿಲ್ಲದೆ ಹೇಳಿದರು. ಎಂದರೆ ಪದ ಕಿವಿಗೆ ಬಿದ್ದಿತ್ತು. ಆದರೆ ಅದಕ್ಕೆ ಮುಂಚಿನ ಎರಡು ಪದಗಳು ಮಂದ ಕಿವಿಯವರ ಕೈಯಿಂದ ಹೆಚ್ಚು ಜಾರಿದವು. ಪದವನ್ನು ಹಿಡಿಯುವುದಕ್ಕೇ ಮಿದುಳಿನ ಶಕ್ತಿ ಖರ್ಚಾಗಿ, ಹಿಡಿದದ್ದನ್ನು ಇಟ್ಟುಕೊಳ್ಳಲು ಉಳಿದಿರಲಿಲ್ಲ ಎಂಬುದು ಅವರ ವಿವರಣೆ. ಈ ಪ್ರಯೋಗದ ಬಗ್ಗೆ ಓದಿದ ದಿನ ನನಗೆ ನಮ್ಮ ಹಾಲಿನ ಆ ಊಟ ನೆನಪಾಯಿತು. ಒಂದು ಮಾತನ್ನು ಮರೆತವನಿಗೂ, ಅದನ್ನು ಇಟ್ಟುಕೊಳ್ಳಲು ಪುರುಸೊತ್ತೇ ಸಿಗದವನಿಗೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ನಾವು ಹೊರಗಿನಿಂದಲೇ ನೋಡಿದ್ದೆವು.

ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಇತ್ತು. ಪದಗಳು ಒಂದರ ಹಿಂದೊಂದು ಸಹಜ ಮಾತಿನಂತೆ ಹೊಂದಿಕೊಂಡು ಬಂದಾಗ ಎರಡು ಗುಂಪುಗಳ ಅಂತರ ಕರಗುತ್ತಿತ್ತು. ಶಬ್ದಭಂಡಾರ, ಲೋಕಾನುಭವ, ಮುಂದೇನು ಬರಬಹುದು ಎಂಬ ಊಹೆ, ಇವು ವಯಸ್ಸಿನೊಡನೆ ಅಷ್ಟು ಬೇಗ ಸವೆಯುವುದಿಲ್ಲ. ಸಂದರ್ಭ ತಿಳಿದಿದ್ದರೆ ಹಿರಿಯರು ಹರಿದ ಮಾತನ್ನು ನಮಗಿಂತ ಚೆನ್ನಾಗಿ ಹೊಲಿಯಬಲ್ಲರು.

ಇಲ್ಲಿ ನಮ್ಮಂಥ ವಲಸಿಗರ ಮನೆಗಳ ಒಂದು ವಿಶೇಷ ತೊಡಕಿದೆ. ನಮ್ಮ ಮನೆಯಲ್ಲಿ ಆಡುವ ಕನ್ನಡ ಎಂಥದು? “ಇವತ್ತ ಸೋಸಾಯಟಿ ಮೀಟಿಂಗ್‌ನಾಗ ಮೇಂಟೆನನ್ಸ್ ವಾಢವಲಾ ಅಂತ” ಎಂದು ನನ್ನ ಹೆಂಡತಿ ಹೇಳಿದರೆ ನನಗೆ ಸಲೀಸು. ಮಗಳು ಒಂದು ವಾಕ್ಯದಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರನ್ನೂ ತುರುಕುತ್ತಾಳೆ. ಅಪ್ಪನ ಊಹೆಯ ಯಂತ್ರ ಎಪ್ಪತ್ತು ವರ್ಷ ಧಾರವಾಡದ ಕನ್ನಡದ ಮೇಲೆ ಪಳಗಿದ್ದು. ಮುಂದಿನ ಪದ ಯಾವ ಭಾಷೆಯಿಂದ ಬರುತ್ತದೆ ಎಂದೇ ಗೊತ್ತಿಲ್ಲದಿದ್ದರೆ ಊಹಿಸುವುದು ಹೇಗೆ? ಅವರಿಗೆ ಉಳಿದಿದ್ದ ಒಂದು ಊರುಗೋಲನ್ನೂ ನಮಗೆ ತಿಳಿಯದೆಯೇ ನಾವು ಕಸಿದುಕೊಂಡಿದ್ದೆವು.

ಕನ್ನಡದ ವಾಕ್ಯಕ್ಕೂ ಒಂದು ಸ್ವಭಾವವಿದೆ. ನಮ್ಮಲ್ಲಿ ಮುಖ್ಯವಾದದ್ದೆಲ್ಲ ಕೊನೆಗೆ ಬರುತ್ತದೆ. “ನಾಳೆ ಡಾಕ್ಟರ ಕಡೆ ಹೋಗತೇವಿ”, “ನಾಳೆ ಡಾಕ್ಟರ ಕಡೆ ಹೋಗೂದಿಲ್ಲ”: ಹೌದೋ ಅಲ್ಲವೋ ಎಂಬುದು ಕಟ್ಟಕಡೆಯ ತುಣುಕಿನಲ್ಲಿದೆ. ಬಂದದ್ದು ಅವನೋ ಅವಳೋ ಎನ್ನುವುದು “ಬಂದ”, “ಬಂದಳು” ಎಂಬ ಬಾಲದಲ್ಲಿದೆ. ಆದರೆ ಮಾತಾಡುವಾಗ ನಮ್ಮ ದನಿ ವಾಕ್ಯದ ಕೊನೆಗೇ ಕುಗ್ಗುತ್ತದೆ, ಅಷ್ಟೊತ್ತಿಗೆ ನಾವು ಮುಖ ತಿರುಗಿಸಿ ಇನ್ನೊಂದು ಕೋಣೆಗೆ ನಡೆದಿರುತ್ತೇವೆ.

ಇನ್ನು ಫೋನು. ಊರಿನಲ್ಲಿ ತಂದೆ ತಾಯಿಯನ್ನು ಬಿಟ್ಟು ಬಂದವರ ಸಂಬಂಧವೆಲ್ಲ ನಿಂತಿರುವುದು ಅದರ ಮೇಲೆ. ಹಳೆಯ ಫೋನುಗಳು ಸಾಗಿಸುತ್ತಿದ್ದುದು ಸುಮಾರು 300ರಿಂದ 3,400 ಹರ್ಟ್ಸ್ ನಡುವಿನ ದನಿಯನ್ನು ಮಾತ್ರ. ಎಂದರೆ ಸಕಾರ ಶಕಾರಗಳ ಮೇಲ್ಭಾಗ ತಂತಿಯಲ್ಲೇ ಕತ್ತರಿಸಿಹೋಗುತ್ತಿತ್ತು. ಈಗಿನ ವೋಲ್ಟಿ ಕರೆಗಳು 7,000 ಹರ್ಟ್ಸ್‌ವರೆಗೂ ಸಾಗಿಸಬಲ್ಲವು. ಆದರೂ ತುಟಿಯ ಚಲನೆ ಕಾಣುವುದಿಲ್ಲ. ಮುಖ ಕಂಡರೆ ಗದ್ದಲದಲ್ಲಿಯೂ ಮಾತು ಹೆಚ್ಚು ತಿಳಿಯುತ್ತದೆ ಎಂಬುದು 1950ರ ದಶಕದಿಂದಲೇ ಪ್ರಯೋಗಗಳಲ್ಲಿ ಗೊತ್ತಾದ ವಿಷಯ. ಅಪ್ಪ ಧಾರವಾಡದಲ್ಲಿದ್ದಾಗ ನಮ್ಮ ಫೋನಿನ ಮಾತು ವರ್ಷದಿಂದ ವರ್ಷಕ್ಕೆ ಚಿಕ್ಕದಾಗಿತ್ತು. ಊಟ ಆತೇನು, ಮಳಿ ಆತೇನು, ಆರಾಮ ಅದೀರೇನು. ಅವರು ನನ್ನಿಂದ ದೂರವಾಗುತ್ತಿದ್ದಾರೆ ಎಂದು ನನಗೆ ಒಳಗೇ ಬೇಸರವಿತ್ತು. ಈಗ ನೋಡಿದರೆ, ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನಷ್ಟೇ ಅವರು ಕೇಳುತ್ತಿದ್ದರು. ಉತ್ತರ ಗೊತ್ತಿದ್ದರೆ ಕೇಳಿಸದಿದ್ದರೂ ನಡೆಯುತ್ತದೆ.

ಈ ಅನುಭವ ನಮಗೆ ಪೂರ್ತಿ ಅಪರಿಚಿತವೇನಲ್ಲ. ಪುಣೆಗೆ ಬಂದ ಹೊಸತರಲ್ಲಿ ಆಫೀಸಿನ ಊಟದ ಮೇಜಿನ ಮೇಲೆ ಸಹೋದ್ಯೋಗಿಗಳು ಮರಾಠಿಯಲ್ಲಿ ಹರಟುತ್ತಿದ್ದರು. ಒಬ್ಬೊಬ್ಬರೇ ಮಾತಾಡಿದರೆ ನನಗೆ ತಿಳಿಯುತ್ತಿತ್ತು, ನಾಲ್ಕು ಜನ ಸೇರಿದರೆ ದಾರ ತಪ್ಪುತ್ತಿತ್ತು. ಎಲ್ಲರೂ ನಕ್ಕಾಗ ಅರೆಕ್ಷಣ ತಡವಾಗಿ ನಾನೂ ನಗುತ್ತಿದ್ದೆ. “ಕಳ್ಳಾ ನಾ?” ಎಂದು ಯಾರಾದರೂ ಕೇಳಿದರೆ “ಹೋ, ಹೋ” ಅನ್ನುತ್ತಿದ್ದೆ. ಸಂಜೆಗೆ ತಲೆ ಭಾರ. ಕಲಿತ ಭಾಷೆಯನ್ನು ಗದ್ದಲದಲ್ಲಿ ಅರಿಯುವುದು ತಾಯ್ನುಡಿಗಿಂತ ಕಷ್ಟ ಎಂಬುದಕ್ಕೆ ಪ್ರಯೋಗದ ಸಾಕ್ಷಿ ಬೇಕಿದ್ದವರಿಗೆ ಅದೂ ಇದೆ, ಆದರೆ ಇದನ್ನು ಓದುತ್ತಿರುವ ನಿಮಗೆ ಬೇಕಾಗಲಿಕ್ಕಿಲ್ಲ. ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ದಿಲ್ಲಿಯಲ್ಲೋ ನೀವೂ ಆ ನಗೆ ನಕ್ಕಿರುತ್ತೀರಿ. ಅಪ್ಪನ ಮುಖದ ಮೇಲಿನ ಸಣ್ಣ ನಗೆ ನನ್ನದೇ ನಗೆಯಾಗಿತ್ತು. ಅದನ್ನು ನಾನು ಗುರುತು ಹಿಡಿಯಬೇಕಿತ್ತು. ಒಂದು ವ್ಯತ್ಯಾಸ ಮಾತ್ರ ಮರೆಯುವಂತಿಲ್ಲ. ನನ್ನದು ತಿಂಗಳಿಂದ ತಿಂಗಳಿಗೆ ಸುಲಭವಾಗುತ್ತ ಹೋಯಿತು, ಅವರದು ಕಷ್ಟವಾಗುತ್ತ ಹೋಗುತ್ತಿದೆ. ನಾನು ಪರರ ಮಾತಿನ ನಡುವೆ ಪರಕೀಯನಾಗಿದ್ದೆ, ಅವರು ತಮ್ಮ ಮಕ್ಕಳ ಮಾತಿನ ನಡುವೆ ಹಾಗಾದರು.

ಈಗ ನೀತಿಯ ಪ್ರಶ್ನೆಗೆ ಬರುತ್ತೇನೆ. ಸಾಮಾನ್ಯವಾಗಿ ನಾವು ಲೆಕ್ಕ ಹಾಕುವುದು ಹೀಗೆ: ಹೇಳುವುದು ನನ್ನ ಕೆಲಸ, ಕೇಳಿಸಿಕೊಳ್ಳುವುದು ನಿನ್ನ ಕೆಲಸ. ಮಾತು ಮುಟ್ಟದಿದ್ದರೆ ಕೇಳುವವನ ಕೊರತೆ. ಇದು ಸಮಾನ ಹಂಚಿಕೆಯಂತೆ ಕಾಣುತ್ತದೆ. ಆದರೆ ಅದೇ ವಾಕ್ಯಕ್ಕಾಗಿ ಇಬ್ಬರೂ ತೆರುವ ಬೆಲೆ ಒಂದೇ ಅಲ್ಲ. ಟೀವಿ ಆರಿಸುವುದಕ್ಕೆ ನನಗೆ ತಗಲುವುದು ಒಂದು ಗುಂಡಿ ಒತ್ತುವ ಶ್ರಮ. ಆ ಟೀವಿಯ ಸದ್ದಿನ ನಡುವೆ ನನ್ನ ಮಾತನ್ನು ಹೆಕ್ಕುವುದಕ್ಕೆ ಅಪ್ಪ ಎಷ್ಟು ಶ್ರಮಪಟ್ಟರೂ ಕೆಲವೊಮ್ಮೆ ಸಾಲದು. ಒಬ್ಬನ ಒಂದು ಪೈಸೆ ಇನ್ನೊಬ್ಬನ ನೂರು ರೂಪಾಯಿ ಉಳಿಸುವುದಾದರೆ, ಪೈಸೆಯಿದ್ದವನು ಕೊಡಬೇಕಾದದ್ದು ಔದಾರ್ಯದಿಂದಲ್ಲ. ಅದು ಬರಿಯ ನ್ಯಾಯ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಅಪ್ಪ ಎರಡನೆಯ ಸಲ “ಏನಂದಿ?” ಎಂದಾಗ ನಾನು ಎಷ್ಟೋ ಸಲ “ಏನಿಲ್ಲ ಬಿಡ್ರಿ” ಅಂದಿದ್ದೇನೆ. ಅದರಲ್ಲಿ ಸಿಟ್ಟಿಲ್ಲ, ಅಗೌರವವೂ ಇಲ್ಲ, ಬಹುವಚನವೇ ಇದೆ. ಮಾತೂ ಅಂಥ ಮುಖ್ಯವಾದದ್ದಲ್ಲ, ಯಾರದೋ ಮದುವೆಯ ಸುದ್ದಿ, ಮಗಳ ಶಾಲೆಯ ಒಂದು ತಮಾಷೆ. ಆದರೆ ಮನೆಯೆನ್ನುವುದು ಮುಖ್ಯವಲ್ಲದ ಮಾತುಗಳಿಂದಲೇ ಆಗಿದೆ. ಮುಖ್ಯವಾದದ್ದನ್ನಷ್ಟೇ ಹೇಳಿಸಿಕೊಳ್ಳುವವನು ಮನೆಯವನಲ್ಲ, ನೋಟೀಸು ಪಡೆಯುವವನು. ಜೊತೆಗೆ, ಯಾವುದು ಏನೂ ಇಲ್ಲ, ಯಾವುದು ಏನೋ ಇದೆ ಎಂದು ತೀರ್ಮಾನಿಸುವ ಅಧಿಕಾರ ನಮ್ಮ ಕೈಗೆ ಬಂದುಬಿಡುತ್ತದೆ. ಹೀಗೆ ಸಣ್ಣ ಸಣ್ಣ ಸುದ್ದಿಗಳಿಂದ ಹೊರಗಿಟ್ಟ ಮನುಷ್ಯನನ್ನು ಒಂದು ದಿನ ಮನೆ ಮಾರುವ ದೊಡ್ಡ ಮಾತಿನೊಳಗೆ ಹಠಾತ್ತನೆ ಕರೆದರೆ ಅವನು ಹೂಂ ಅನ್ನದೆ ಇನ್ನೇನು ಅಂದಾನು?

ಮೂರನೆಯದು, ಕಿವಿಯ ಕೊರತೆಯನ್ನು ಬುದ್ಧಿಯ ಕೊರತೆಯೆಂದು ತಿಳಿಯುವುದು. ಬ್ಯಾಂಕಿನಲ್ಲಿ ಅಪ್ಪನ ಖಾತೆಯ ವಿಷಯವನ್ನು ಗುಮಾಸ್ತೆ ನನ್ನನ್ನು ಕೇಳುತ್ತಾಳೆ, ಪಕ್ಕದಲ್ಲೇ ಅವರು ಕೂತಿರುತ್ತಾರೆ. ಮಿರಾಂಡಾ ಫ್ರಿಕರ್ ಎಂಬ ತತ್ತ್ವಜ್ಞಾನಿ 2007ರ ತಮ್ಮ ಪುಸ್ತಕದಲ್ಲಿ ಅರಿವಿಗೆ ಸಂಬಂಧಿಸಿದ ಅನ್ಯಾಯದ ಬಗ್ಗೆ ಬರೆದಿದ್ದಾರೆ: ಹೇಳುವವನು ಯಾರು ಎಂಬ ಪೂರ್ವಗ್ರಹದಿಂದ ಅವನ ಮಾತಿಗೆ ಸಲ್ಲಬೇಕಾದಷ್ಟು ನಂಬಿಕೆ ಕೊಡದಿರುವುದು. “ನನಗ ಯಾರೂ ಕೇಳೇ ಇಲ್ಲ” ಎಂದು ಅಪ್ಪ ಹೇಳಿದ್ದು ಆ ಕೋಣೆಯಲ್ಲಿದ್ದ ಎಲ್ಲರಿಗಿಂತ ನಿಜವಾದ ಮಾತು. ಅದನ್ನು ನಾವು ರೋಗದ ಲಕ್ಷಣವೆಂದು ಓದಿದೆವು.

ಇಷ್ಟು ಹೇಳಿದ ಮೇಲೆ ಎದುರು ಮಾತುಗಳನ್ನೂ ಕೇಳಬೇಕು. ಹತ್ತು ತಾಸು ಕೆಲಸ, ಎರಡು ತಾಸು ಟ್ರಾಫಿಕ್ಕು ಮುಗಿಸಿ ಬಂದವನಿಗೆ ಒಂದೇ ಮಾತನ್ನು ಮೂರು ಸಲ ಹೇಳುವ ತಾಳ್ಮೆ ಎಲ್ಲಿಂದ ಬರಬೇಕು? ನ್ಯಾಯವಾದ ಪ್ರಶ್ನೆ. ನಾನು ಕಂಡುಕೊಂಡ ಉತ್ತರ ಇಷ್ಟೇ: ಮುಂದೂಡುವುದಕ್ಕೂ ಅಳಿಸುವುದಕ್ಕೂ ವ್ಯತ್ಯಾಸವಿದೆ. “ಆಮ್ಯಾಲ ಹೇಳತೇನಿ” ಎಂದು ಹೇಳಿ, ಊಟವಾದ ಮೇಲೆ ಪಕ್ಕದಲ್ಲಿ ಕೂತು ನಿಜವಾಗಿ ಹೇಳಿದರೆ ಸಾಲ ತೀರುತ್ತದೆ. “ಏನಿಲ್ಲ ಬಿಡ್ರಿ” ಎಂಬುದು ಸಾಲವೇ ಇರಲಿಲ್ಲ ಎನ್ನುತ್ತದೆ.

ಹಿರಿಯರಿಗೂ ಹೊಣೆಯಿಲ್ಲವೇ ಎಂಬುದು ಎರಡನೆಯ ಪ್ರಶ್ನೆ. ಇದೆ. ಯಂತ್ರ ಹಾಕಿಕೊಳ್ಳಲು ಅಪ್ಪ ಮೊದಲು ಒಪ್ಪಲಿಲ್ಲ, ಮುದುಕ ಅನ್ನಿಸಿಕೊಳ್ಳಬೇಕಾಗುತ್ತದೆ ಎಂದರು. ಹಾಕಿಕೊಂಡ ಮೇಲೂ ಮೊದಲ ವಾರಗಳಲ್ಲಿ ಪಾತ್ರೆಯ ಸದ್ದು, ಪೇಪರಿನ ಸರಬರ ತಲೆಗೆ ಬಡಿಯುತ್ತದೆಂದು ಡಬ್ಬಿಯೊಳಗೆ ಇಟ್ಟುಬಿಟ್ಟರು. ಮಿದುಳು ಹೊಸ ಸದ್ದಿಗೆ ಒಗ್ಗಲು ಸಮಯ ಬೇಕು. ಯಂತ್ರ ದನಿಯನ್ನು ಹೆಚ್ಚಿಸುತ್ತದೆ, ಸವೆದ ಕೋಶವನ್ನು ತಿರುಗಿ ಕೊಡುವುದಿಲ್ಲ. ಅದರಿಂದ ಮರೆವು ನಿಲ್ಲುತ್ತದೆಂಬ ಜಾಹೀರಾತುಗಳನ್ನೂ ಪೂರ್ತಿ ನಂಬಬೇಕಾಗಿಲ್ಲ. ಅಮೆರಿಕದಲ್ಲಿ 70ರಿಂದ 84 ವರ್ಷದ 977 ಜನರ ಮೇಲೆ ಮೂರು ವರ್ಷ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಟ್ಟು ಗುಂಪಿನಲ್ಲಿ ಬುದ್ಧಿಶಕ್ತಿಯ ಇಳಿಕೆಯ ಮೇಲೆ ಎದ್ದು ಕಾಣುವ ಪರಿಣಾಮ ಸಿಗಲಿಲ್ಲ. ಅಪಾಯ ಹೆಚ್ಚಿದ್ದ ಒಂದು ಉಪಗುಂಪಿನಲ್ಲಿ ಮಾತ್ರ ಇಳಿಕೆ ಶೇಕಡ 48ರಷ್ಟು ನಿಧಾನವಾಯಿತು. ನಾನು ಯಂತ್ರ ಕೊಡಿಸಿದ್ದು ಮರೆವು ತಡೆಯಲೆಂದಲ್ಲ. ಮಾತಿಗೆ ಅಷ್ಟು ಕಾರಣ ಬೇಕಿಲ್ಲ.

ಆದರೆ “ಕೇಳಿಸಲಿಲ್ಲ” ಎಂದು ಬಾಯಿಬಿಟ್ಟು ಹೇಳುವ ಹೊಣೆ? ಅದನ್ನು ನಾನು ಅಪ್ಪನನ್ನೇ ಕೇಳಿದೆ. “ಒಂದ ಸಲ ಏನು ಅಂದ್ರ ಹೇಳತೀರಿ. ಎರಡನೇ ಸಲ ಅಂದ್ರ ನಿಮ್ಮ ಮಾರಿ ನೋಡಬೇಕಾಗತದ. ಅದಕ್ಕ ಹೂಂ ಅನ್ನೂದು ಹಗುರ” ಎಂದರು. ಆ ಹೂಂ ಸುಳ್ಳೇ? ಹೌದು, ಒಂದು ರೀತಿಯಲ್ಲಿ. ಆದರೆ ಆ ಸುಳ್ಳಿನಲ್ಲಿ ನಾನೂ ಪಾಲುದಾರ. ಒಬ್ಬನ ಪ್ರಾಮಾಣಿಕತೆ ಇನ್ನೊಬ್ಬನ ಮುಖದ ಮೇಲೆ ನಿಂತಿರುತ್ತದೆ ಎಂದು ನಾನು ಕಲಿತದ್ದು ಅಲ್ಲಿ.

ಅತಿಯಾದ ಕಾಳಜಿಯೂ ಕೆಡಿಸುತ್ತದೆ. ಒದರಿದರೆ ಸ್ವರಗಳು ಉಬ್ಬುತ್ತವೆ, ವ್ಯಂಜನಗಳು ಹಾಗೇ ಹಿಂದುಳಿಯುತ್ತವೆ, ಜೊತೆಗೆ ಇಂಥ ಕಿವಿಗೆ ಜೋರು ಸದ್ದು ಬೇಗ ಕರ್ಕಶವಾಗುತ್ತದೆ. ಕೂಸಿಗೆ ಹೇಳುವಂತೆ ಎಳೆದೆಳೆದು ರಾಗವಾಗಿ ಹೇಳುವುದೂ ನೆರವಾಗದು, ಅವಮಾನ ಮಾತ್ರ ಮುಟ್ಟುತ್ತದೆ. ಬೇಕಾದದ್ದು ಸಣ್ಣ ಕೆಲಸಗಳು. ಎದುರು ಬೆಳಕಿನಲ್ಲಿ ಕೂರುವುದು, ಹೆಸರು ಕರೆದು ಗಮನ ಸೆಳೆಯುವುದು, ಯಾವುದರ ಬಗ್ಗೆ ಎಂದು ಮೊದಲೇ ಹೇಳುವುದು, ವಾಕ್ಯ ಮುಗಿದಲ್ಲಿ ಒಂದು ಉಸಿರು ನಿಲ್ಲುವುದು, ತಿಳಿಯದಿದ್ದರೆ ಅದೇ ಮಾತನ್ನು ಬೇರೆ ಪದಗಳಲ್ಲಿ ಹೇಳುವುದು. ಪರೀಕ್ಷೆ ಮಾಡಿಸುವವರಿಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಮುಂಬೈಯ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ಸಂಸ್ಥೆ ಇದೆ.

ಕಾಗದಪತ್ರ ವಾಪಸು ಕಳಿಸಿ, ಒಂದು ತಿಂಗಳ ಮೇಲೆ ಮತ್ತೆ ಕೂತೆವು. ಬೆಳಿಗ್ಗೆ ಹತ್ತಕ್ಕೆ, ಫ್ಯಾನು ಕೂಡ ಆರಿಸಿ. ಮಕ್ಕಳನ್ನು ಕೆಳಗೆ ಆಡಲು ಕಳಿಸಿದ್ದೆವು. ತಮ್ಮ ಎದುರು ಕೂತು ಮೊದಲಿನಿಂದ ಎಲ್ಲ ಹೇಳಿದ, ರೇಟನ್ನು ಹಾಳೆಯ ಮೇಲೆ ಬರೆದು ತೋರಿಸಿದ. ಮುಕ್ಕಾಲು ತಾಸು ಹಿಡಿಯಿತು. ಅಪ್ಪ ಹನ್ನೆರಡು ಪ್ರಶ್ನೆ ಕೇಳಿದರು, ಅದರಲ್ಲಿ ಮೂರಕ್ಕೆ ನಮ್ಮ ಹತ್ತಿರ ಉತ್ತರವಿರಲಿಲ್ಲ. ಕೊನೆಗೆ ಮಾರಲು ಒಪ್ಪಿದರು. ಆದರೆ ಆ ಗಿರಾಕಿಗೆ ಅಲ್ಲ, ಆ ರೇಟಿಗೂ ಅಲ್ಲ, ಆ ವರ್ಷದ ಮಾವಿನಕಾಯಿ ಇಳಿಸುವ ತನಕವೂ ಅಲ್ಲ.

ಮೇ ತಿಂಗಳಲ್ಲಿ ಎಲ್ಲರೂ ಧಾರವಾಡಕ್ಕೆ ಹೋಗಿ ಕಾಯಿ ಇಳಿಸಿಕೊಂಡು ಬಂದೆವು. ಬರುವಾಗ ಕಾರಿನಲ್ಲಿ ಮಗಳು ಹಿಂದಿನ ಸೀಟಿನಿಂದ ಅಪ್ಪನಿಗೆ ಏನೋ ಹೇಳಿದಳು. ರಸ್ತೆಯ ಸದ್ದಿನಲ್ಲಿ ಅವರಿಗೆ ತಿಳಿಯಲಿಲ್ಲ. “ಏನಂದಿ?” ಎಂದರು. ಅವಳು ಇನ್ನೊಮ್ಮೆ ಹೇಳಿದಳು. “ಏನಂದಿ?” ಎಂದು ಎರಡನೆಯ ಸಲ ಕೇಳಿದರು, ಹೂಂ ಅನ್ನಲಿಲ್ಲ. ನಾನು ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದೆ.